ಎ ಫಾರ್ ಅಡಿಕೆ

ಪುತ್ತೂರು, ಸುಳ್ಯ, ಕಡಬದ ಕಡೆಯ ಕೃಷಿಕ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಲೇಬೇಕಾದ ನಾಮಪದ ಒಂದೇ. ಅದು ಆಪಲ್ ಅಲ್ಲ. ಆಪಲ್ ನಮಗೆ ಬೇಕಾಗುವುದು ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಮಾತ್ರ. ನಿತ್ಯಕ್ಕೆ ಬೇಕಾದದ್ದು ಅರೆಕಾ; ಎ, ಆರ್, ಇ, ಸಿ, ಎ. ಮನೆಯೊಳಗೆ ತುಳುವರು ಬಜ್ಜೆಯಿ ಅಂತಾರೆ, ಹವ್ಯಕರು ಅಡಕ್ಕೆ ಅಂತಾರೆ, ಶಾಲೆಗೆ ಹೋದವರು ಅಡಿಕೆ ಅಂತಾರೆ. ಸಾಲದ ಅರ್ಜಿ, ಬೆಳೆವಿಮೆಯ ಕಾಗದ ಎದುರಿಗೆ ಬಂತೋ, ಎಲ್ಲರೂ ಒಂದೇ ಮಾತಿನವರಾಗಿ ಅರೆಕಾನಟ್ ಅಂತ ಬರೆಯುತ್ತಾರೆ. ಬರೆಯುವಾಗ ಸಿ ಹಾಕುವುದೋ ಕೆ ಹಾಕುವುದೋ ಎಂದು ಪೆನ್ನು ಒಂದು ಗಳಿಗೆ ಗಾಳಿಯಲ್ಲಿ ನಿಲ್ಲುವುದೂ ಉಂಟು.

ನಮ್ಮ ಸುಳ್ಯದ ಭಾವ ಈ ಶಬ್ದವನ್ನು ಬೆಂಗಳೂರಿನಲ್ಲಿ ಬೇರೆಯೇ ವೇಷದಲ್ಲಿ ಕಂಡು ಬಂದರು. ತಂಗಿಯ ಮಗಳ ಫ್ಲಾಟಿಗೆ ಹೋಗಿದ್ದರು. ಕಾಫಿ ಮುಗಿಯುವ ಮೊದಲೇ ಆಕೆ, "ಮಾವ, ನಮ್ಮಲ್ಲೂ ಅರೆಕಾ ಉಂಟು, ಬನ್ನಿ ತೋರಿಸ್ತೇನೆ" ಎಂದು ಬಾಲ್ಕನಿಗೆ ಕರೆದುಕೊಂಡು ಹೋದಳಂತೆ. ಹುಟ್ಟಿದಾರಭ್ಯ ಅಡಿಕೆ ಮರ ಎಂದರೆ ಕತ್ತು ಮೇಲೆತ್ತಿಯೇ ಅಭ್ಯಾಸವಾದ ಭಾವ ಇಲ್ಲಿಯೂ ಮೇಲೆ ನೋಡಿದರು. ಮೇಲಿನ ಮನೆಯವರ ಒಣಗುವ ಬಟ್ಟೆ ಕಂಡಿತು. ಅರೆಕಾ ಕೆಳಗೆ ಬಿಳಿ ಕುಂಡದಲ್ಲಿತ್ತು, ಮೊಣಕಾಲೆತ್ತರ.

"ಇದು ಹಿಂಗಾರ ಬಿಡುವುದು ಯಾವಾಗ?"

"ಅದೆಲ್ಲ ಬಿಡೋದಿಲ್ಲ ಮಾವ. ಇದು ಗಾಳಿಗೆ ಅಂತ ತಂದದ್ದು."

"ಗಾಳಿಗಾ? ನಮ್ಮಲ್ಲಿ ಗಾಳಿಗೆ ಮರವೇ ಬೀಳುವುದಲ್ಲ ಮಾರಾಯ್ತಿ!"

ಬುಡದಲ್ಲಿ ಬಿದಿರಿನ ಹಾಗೆ ಮೊಳಕೆ ಒಡೆಯುವ ಕಂಗನ್ನು ಅವರು ಎಲ್ಲಿಯೂ ನೋಡಿದವರಲ್ಲ. ಅವರ ಅನುಮಾನ ಸರಿಯೇ. ನರ್ಸರಿಯವರು ಅರೆಕಾ ಪಾಮ್ ಎಂದು ಮಾರುವುದು ಮಡಗಾಸ್ಕರ್ ಮೂಲದ ಡಿಪ್ಸಿಸ್ ಲೂಟೆಸೆನ್ಸ್ ಎಂಬ ಇನ್ನೊಂದು ಗಿಡ. ಫಸಲು ಕೊಡುವ ಮರ ನಮ್ಮ ತೋಟದಲ್ಲಿದ್ದರೆ, ಅದರ ಹೆಸರು ಹೊತ್ತು ಏರ್ ಕಂಡೀಷನ್ನಿನಲ್ಲಿ ಕೂತದ್ದು ಇನ್ಯಾವುದೋ.

ಆ ಹೆಸರೂ ಇಂಗ್ಲಿಷರದ್ದಲ್ಲ, ಈ ಕರಾವಳಿಯದ್ದೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಹತ್ತಿರ ಇಳಿದ ಮೇಲೆ ಪೋರ್ಚುಗೀಸರು ಮೆಣಸಿನ ಜೊತೆ ಮಾತನ್ನೂ ಹಡಗಿಗೆ ತುಂಬಿದರು. ಮಲಯಾಳದ ಅಡಯ್ಕ ಅವರ ನಾಲಗೆಯಲ್ಲಿ ಅರೆಕ ಆಯಿತು. ಡಕಾರಕ್ಕೆ ನಾಲಗೆ ಮಡಚುವಷ್ಟು ವ್ಯವಧಾನ ವ್ಯಾಪಾರಕ್ಕೆ ಬಂದವರಿಗೆ ಎಲ್ಲಿಂದ? ಇಟಲಿಯ ವರ್ತೇಮಾ 1510ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಆಗಲೇ ಈ ಮರದ ಹೆಸರನ್ನು ದಾಖಲಿಸಿದ್ದ. ಇಂಗ್ಲಿಷರು ಪೋರ್ಚುಗೀಸರಿಂದ ತೆಗೆದುಕೊಂಡರು. 1753ರಲ್ಲಿ ಲಿನೇಯಸ್ ಅದಕ್ಕೆ ಅರೆಕಾ ಕಟೇಚು ಎಂದು ಶಾಸ್ತ್ರೋಕ್ತವಾಗಿ ನಾಮಕರಣ ಮಾಡಿದ. ಕಟೇಚು ಎಂದರೆ ನಮ್ಮ ಕಾಚು. ಜಗತ್ತಿನ ವಿಜ್ಞಾನಿಗಳೆಲ್ಲ ಗಂಭೀರವಾಗಿ ಉಚ್ಚರಿಸುವ ಲ್ಯಾಟಿನ್ ಹೆಸರಿನ ಅರ್ಥ ಇಷ್ಟೇ: ಅಡಿಕೆ, ಕಾಚು. ಎಲೆ, ಸುಣ್ಣವನ್ನೂ ಸೇರಿಸಿದ್ದರೆ ತಟ್ಟೆ ಪೂರ್ತಿಯಾಗುತ್ತಿತ್ತು.

ನನಗೆ ಸ್ವಲ್ಪ ಬೇಸರವಿರುವುದು ಬರ್ನೆಲ್ ಸಾಹೇಬನ ಮೇಲೆ. ಮಂಗಳೂರಿನಲ್ಲಿ ಜಡ್ಜಾಗಿದ್ದವ, ತುಳುನಾಡಿನ ಭೂತಗಳ ಪಾಡ್ದನ ಸಂಗ್ರಹಿಸಿದವ. ಹೆನ್ರಿ ಯೂಲ್ ಜೊತೆ ಸೇರಿ ಮಾಡಿದ, 1886ರಲ್ಲಿ ಬಂದ 'ಹಾಬ್ಸನ್ ಜಾಬ್ಸನ್' ನಿಘಂಟಿನಲ್ಲಿ ಅರೆಕಾದ ಮೂಲ ಮಲಯಾಳಂ ಎಂದೇ ಇದೆ. ಸರಿಯೇ, ಒಪ್ಪಿದೆ. ಮಂಗಳೂರಿನ ನೀರು ಕುಡಿದ ಋಣಕ್ಕೆ ಪಕ್ಕದಲ್ಲಿ ಅಡಿಕೆಯನ್ನೂ ಒಂದು ಸಾಲು ಮೆರೆಸಬಹುದಿತ್ತು. ಆದರೂ ಆ ಪುಸ್ತಕ ಒಂದು ಉಪಕಾರ ಮಾಡಿದೆ: ಬೀಟಲ್ ನಟ್ ಎಂಬ ಹೆಸರು ಸರಿಯಲ್ಲ ಎಂದು ಆಗಲೇ ಹೇಳಿದೆ. ಬೀಟಲ್ ಅಂದರೆ ವೆಟ್ಟಿಲ, ವೀಳ್ಯದೆಲೆ. ಮರ ಅಡಿಕೆಯದು, ಅದನ್ನು ಹಬ್ಬಿ ನಿಂತ ಬಳ್ಳಿ ಎಲೆಯದು. ಭೂಸುಧಾರಣೆಗೆ ಎಷ್ಟೋ ಮೊದಲೇ ಬಳ್ಳಿ ಡಿಕ್ಲರೇಶನ್ ಕೊಟ್ಟು ಕಾಯಿಯ ಪಹಣಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿತ್ತು! ನಟ್ ಎನ್ನುವುದಾದರೂ ನಿಜವೋ ಎಂದರೆ ಅದೂ ಅಲ್ಲ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸಿಪ್ಪೆಯೊಳಗೆ ನಾವು ಸುಲಿದು ತೆಗೆಯುವುದು ಬೀಜ.

ಕಾಗುಣಿತದ ತಕರಾರು ಇನ್ನೂ ಇತ್ಯರ್ಥವಾಗಿಲ್ಲ. 1973ರಲ್ಲಿ ಹುಟ್ಟಿದ ನಮ್ಮ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಪೂರ್ಣ ಹೆಸರಿನಲ್ಲಿ ಅರೆಕಾನಟ್ ಒಂದೇ ಪದ. ಇಂಗ್ಲಿಷ್ ನಿಘಂಟುಗಳಲ್ಲಿ ಎರಡು ಪದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತಂದ ಗ್ರಂಥದ ಹೆಸರಿನಲ್ಲಿ ನಡುವೆ ಅಡ್ಡಗೀಟು. ಆ ಗ್ರಂಥ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದರಿಂದ ನಮ್ಮ ಕಡೆ ಯಾರಿಗೂ ಗೀಟಿನ ಬಗ್ಗೆ ಚರ್ಚಿಸುವ ಉಮೇದು ಉಳಿಯಲಿಲ್ಲ. ನಾನಂತೂ ಕೂಡಿಸಿ ಬರೆಯುವ ಪಕ್ಷ; ಅರ್ಜಿಯಲ್ಲಿ ಜಾಗ ಉಳಿಯುತ್ತದೆ. ಸುಳ್ಯವನ್ನೇ ಎರಡು ಎಲ್ ಹಾಕಿ ಸುಲ್ಲಿಯ ಎಂದು ಓದುವಂತೆ ಬರೆಯುವ ಇಂಗ್ಲಿಷಿನ ಹತ್ತಿರ ಹೆಚ್ಚಿನ ನಿಯಮ ಕೇಳುವುದೂ ಸರಿಯಲ್ಲ.

ಇಷ್ಟು ಮಾಡಿಯೂ ಇಂಗ್ಲಿಷಿಗೆ ದಕ್ಕಿದ್ದು ಒಂದು ಶಬ್ದ. ಪುತ್ತೂರಿನ ಅಡಿಕೆ ಅಂಗಡಿಗೆ ಹೋಗಿ ಅರೆಕಾನಟ್ಟಿಗೆ ಎಷ್ಟು ಎಂದು ಕೇಳಿ ನೋಡಿ, ನೀವು ಊರಿನವರಲ್ಲ ಎಂದು ತಿಳಿಯುತ್ತದೆ, ಅಷ್ಟೆ. ಕೇಳಬೇಕಾದದ್ದು ಹೊಸತಕ್ಕೆಷ್ಟು, ಹಳತಿಗೆಷ್ಟು, ಡಬ್ಬಲ್ ಚೋಲಿಗೆಷ್ಟು ಎಂದು. ಅದರ ಕೆಳಗಿನ ದರ್ಜೆಗಳು ಪಟೋರ, ಉಳ್ಳಿಗಡ್ಡೆ, ಕರಿಗೋಟು. ಉಳ್ಳಿಗಡ್ಡೆಯ ದರ ಕೇಳಿದ ಬಾಗಲಕೋಟೆಯ ಮೇಷ್ಟ್ರೊಬ್ಬರು, "ಈ ರೇಟಿಗೆ ಉಳ್ಳಾಗಡ್ಡಿ ತಿಂದು ನೀವು ಬದುಕೋದು ಹ್ಯಾಂಗ್ರೀ?" ಎಂದು ಕಂಗಾಲಾಗಿದ್ದರು. ಅವರ ಉಳ್ಳಾಗಡ್ಡಿ ನಮ್ಮಲ್ಲಿ ನೀರುಳ್ಳಿ ಎಂದು ಬಿಡಿಸಿ ಹೇಳಬೇಕಾಯಿತು.

ನಾವು ಇಂಗ್ಲಿಷಿಗೆ ಕೊಟ್ಟ ಇನ್ನೊಂದು ನಾಮಪದವೂ ಇದೇ ತೋಟದ್ದು, ಕೊಳೆರೋಗ. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಈ ರೋಗದ ಬಗ್ಗೆ ಬರೆದಾಗ ಹೆಸರನ್ನು ತರ್ಜುಮೆ ಮಾಡುವ ಗೋಜಿಗೇ ಹೋಗಲಿಲ್ಲ. ಮಳೆಗಾಲದಲ್ಲಿ ಉದುರಿದ ಕಾಯಿಯ ನಾತ ಬಲ್ಲವರಿಗೆ ಕಾರಣ ಗೊತ್ತಾದೀತು. ಬದಲಿಗೆ ಮದ್ದಿನ ಹೆಸರನ್ನು ಫ್ರಾನ್ಸಿನಿಂದ ತರಿಸಿಕೊಂಡೆವು. ಬೋರ್ಡೋದಲ್ಲಿ ಕಳ್ಳರು ಮುಟ್ಟದಿರಲೆಂದು ದಾರಿಬದಿಯ ದ್ರಾಕ್ಷಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗವೂ ಬಾರದ್ದನ್ನು ಮಿಲಾರ್ದೆ ಎಂಬ ಪ್ರೊಫೆಸರು ಗಮನಿಸಿ 1885ರಲ್ಲಿ ಲೋಕಕ್ಕೆ ಸಾರಿದ. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನಮ್ಮ ಮದ್ದು ಬಿಡುವವರಿಗೆ ಪಾಕ ಕಣ್ಣುಮುಚ್ಚಿ ಗೊತ್ತು. ಇಂಗ್ಲಿಷಿನಲ್ಲಿ ಬರೆಯಲು ಮಾತ್ರ ಹೇಳಬೇಡಿ. ಕೊನೆಯ ಒಂದು ಓಕಾರಕ್ಕೆ ಇ, ಎ, ಯು, ಎಕ್ಸ್ ಎಂದು ನಾಲ್ಕು ಅಕ್ಷರ ಸುರಿಯುವ ದುಂದು ಅಡಿಕೆ ಬೆಳೆಗಾರನಿಗೆ ಹಿಡಿಸುವಂಥದ್ದಲ್ಲ.

ಮೊನ್ನೆ ಜಗಲಿಯಲ್ಲಿ ಇದೆಲ್ಲ ಭಾವನಿಗೆ ಹೇಳುತ್ತಾ, ಸಸ್ಯಶಾಸ್ತ್ರದವರು ಇಡೀ ತಾಳೆ ಕುಟುಂಬಕ್ಕೇ ಅರೆಕೇಸಿ ಎಂದು ಹೆಸರಿಟ್ಟದ್ದನ್ನೂ ಹೇಳಿದೆ. ತೆಂಗು, ಈಚಲು, ಬೈನೆ, ಅರಬರ ಖರ್ಜೂರ, ಆ ಬೆಂಗಳೂರಿನ ಕುಂಡದ ಗಿಡವೂ ಸೇರಿ ಎರಡೂವರೆ ಸಾವಿರದಷ್ಟು ಜಾತಿಗಳಿಗೆ ಮನೆತನದ ಹೆಸರು ಅಡಿಕೆಯದು.

ಭಾವ ಬಾಯಿಯ ಎಲೆಯಡಿಕೆ ಉಗುಳಿ ಬಂದು ಕೇಳಿದರು: "ಹಾಗಾದರೆ ತರವಾಡು ಮನೆ ನಮ್ಮದೇ ಅಂತಾಯ್ತು. ಈ ಸಲ ಕೊಳೆರೋಗಕ್ಕೆ ಅಷ್ಟೂ ಜನರಿಂದ ವಂತಿಗೆ ಎತ್ತಬಹುದಾ?"