ನೋಡದ ಸಿನಿಮಾಗಳ ಜ್ಯೋತಿಷಿ

ಆಸ್ಕರ್‌ಗೆ ಯಾರ್ಯಾರು ನಾಮನಿರ್ದೇಶನಗೊಳ್ಳುತ್ತಾರೆಂದು ಹೇಳಲು ಸಿನಿಮಾ ನೋಡಿರಲೇಬೇಕೆಂಬ ಕಾನೂನು ಎಲ್ಲಿದೆ? ಅವು ನಮ್ಮೂರ ಟಾಕೀಸಿಗೆ ಬರುವಷ್ಟರಲ್ಲಿ ಪ್ರಶಸ್ತಿಯೇ ಹಂಚಿ ಮುಗಿದಿರುತ್ತದೆ. ಹಾಗಾಗಿ ನಾನು ಟ್ರೈಲರ್ ನೋಡಿಯೇ ಜಾತಕ ಬರೆಯುತ್ತೇನೆ. ನಾಯಕ ಪಾತ್ರಕ್ಕಾಗಿ ಸೊರಗಿ ಕಡ್ಡಿಯಾಗಿದ್ದಾನೋ, ಒಂದು ಟಿಕ್. ನಾಯಕಿ ಮೇಕಪ್ಪಿಲ್ಲದೆ ಮಳೆಯಲ್ಲಿ ನಿಂತು ಅಳುತ್ತಾಳೋ, ಎರಡು ಟಿಕ್. ಅತ್ಯುತ್ತಮ ಚಿತ್ರಕ್ಕೆ ಈಗ 10 ಜಾಗ ಇರುವುದರಿಂದ ನನ್ನಂಥವರ ಮಾನ ಅಷ್ಟಿಷ್ಟು ಉಳಿಯುತ್ತದೆ. ನಟನಟಿಯರ ಐದೈದು ಜಾಗದ್ದೇ ಫಜೀತಿ. ಅವರನ್ನು ಆರಿಸುವವರು ಅಕಾಡೆಮಿಯ ನಟವರ್ಗದವರೇ. ಅವರ ಮನಸ್ಸು ಕಂಡವರಾರು? 2023ರಲ್ಲಿ ‘ಟು ಲೆಸ್ಲಿ’ ಎಂಬ ಪುಟ್ಟ ಚಿತ್ರದ ಆಂಡ್ರಿಯಾ ರೈಸ್‌ಬರೋ ಹೆಸರು ಬಂದಾಗ ಹಾಲಿವುಡ್ಡಿನ ಘಟಾನುಘಟಿ ಪಂಡಿತರೇ ಕಣ್ಣುಕಣ್ಣು ಬಿಟ್ಟಿದ್ದರು.

ನನ್ನ ಹೆಂಡತಿಯದು ಬೇರೆಯೇ ಶಾಸ್ತ್ರ. ನಟನೆಗೆ ಮೆರಿಲ್ ಸ್ಟ್ರೀಪ್, ಸಂಗೀತಕ್ಕೆ ಜಾನ್ ವಿಲಿಯಮ್ಸ್ ಅಂದುಬಿಡುತ್ತಾಳೆ, ಪ್ರತಿ ವರ್ಷ. ಆಕೆಗೆ 21, ಆತನಿಗೆ 54 ನಾಮನಿರ್ದೇಶನ ಸಿಕ್ಕಿರುವಾಗ ಹಳಿಯುವುದಾದರೂ ಹೇಗೆ?

“ಆಯಮ್ಮ ಈ ವರ್ಷ ಸಿನಿಮಾನೇ ಮಾಡಿಲ್ಲ ಕಣೇ.”

“ನೀವೇನು ನೋಡಿದ್ರಾ?”

ಪಟ್ಟಿ ಓದುವುದು ಲಾಸ್ ಏಂಜಲೀಸ್‌ನಲ್ಲಿ ಬೆಳಗಿನ ಜಾವ ಐದೂವರೆಗೆ, ನಮಗೆ ಸಂಜೆ ಏಳು. ಸರಿಯಾಗಿ ನಟಿಯರ ಹೆಸರು ಬರುವಾಗಲೇ ಕುಕ್ಕರ್ ಕೂಗುತ್ತದೆ.

“ಮೂರು ಕೂಗಾಯ್ತು, ಆಫ್ ಮಾಡ್ರೀ!”