ಭತ್ತಕ್ಕಿರುವ ಭಾಗ್ಯ ಗಂಡಸಿಗಿಲ್ಲ

ಬೆಂಕಿ ರೋಗ ತಗುಲಿದ ಭತ್ತದ ಪೈರನ್ನು ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಹಿಡಿದುಕೊಂಡು ಹೋಗಿ ನೋಡಿ. ಮದ್ದಿನ ಹೆಸರು ಹೇಳುವ ಮೊದಲು ಪ್ರಶ್ನೆಗಳು ಬರುತ್ತವೆ. ಯಾವ ತಳಿ? ನಾಟಿ ಆಗಿ ಎಷ್ಟು ದಿನ? ಯೂರಿಯಾ ಎಷ್ಟು ಚೆಲ್ಲಿದ್ರಿ? ಅದೇ ಭತ್ತ ಬೆಳೆದವನು ರಾತ್ರಿ ಹನ್ನೊಂದಕ್ಕೆ ಕಂಬಳಿಯೊಳಗೆ ಮೊಬೈಲ್ ಬೆಳಗಿಸಿ ತನ್ನ ‘ಗುಪ್ತ ಸಮಸ್ಯೆ’ ತೋಡಿಕೊಂಡರೆ, ಆನ್‌ಲೈನ್ ಡಾಕ್ಟರು ಕೇಳುವುದು ಎರಡೇ ಪ್ರಶ್ನೆ: ಪಿನ್‌ಕೋಡ್ ಎಷ್ಟು, ಮೂರು ತಿಂಗಳ ಕೋರ್ಸ್ ಬೇಕೋ ಆರು ತಿಂಗಳದ್ದೋ?

ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ ಎಂದೆಲ್ಲ ಕೇಳಿದರೆ ವ್ಯಾಪಾರ ಕೆಡುತ್ತದೆ. ನಿಮಿರುವಿಕೆಯ ತೊಂದರೆ ಎಷ್ಟೋ ಸಲ ಸಕ್ಕರೆ ಕಾಯಿಲೆಯ, ಹೃದ್ರೋಗದ ಮುನ್ಸೂಚನೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವನು ನಿಮಿರುವಿಕೆಯ ಮದ್ದಾದ ಸಿಲ್ಡೆನಾಫಿಲನ್ನೂ ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಗದ್ದೆಗೆ ಯೂರಿಯಾ ಎಷ್ಟು ಬಿತ್ತೆಂದು ವಿಚಾರಿಸುವವರು ಸರ್ಕಾರಿ ಸಂಬಳದ ಮೇಲೆ ಇದ್ದಾರೆ. ಗದ್ದೆಯ ಯಜಮಾನನ ಹೊಟ್ಟೆಯಲ್ಲಿ ನೈಟ್ರೇಟ್ ಇದೆಯೇ ಎಂದು ವಿಚಾರಿಸುವವರಿಲ್ಲ. ‘ನಮ್ಮದು ನೂರಕ್ಕೆ ನೂರು ಗಿಡಮೂಲಿಕೆ ಸಾರ್’ ಅನ್ನುತ್ತೀರಾ? ಅಂಥ ಎಷ್ಟೋ ಗಿಡಮೂಲಿಕೆಗಳೊಳಗೆ ಇದೇ ಸಿಲ್ಡೆನಾಫಿಲ್ ಬೆರೆತಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಹಚ್ಚಿದೆ.

ಸ್ವಪ್ನಸ್ಖಲನಕ್ಕೆ ಹೆದರಿದ ಪಿಯುಸಿ ಹುಡುಗನಿಗೆ ‘ಇದು ಕಾಯಿಲೆ ಅಲ್ಲ ಕಣಪ್ಪ, ಹೋಗಿ ಓದ್ಕೋ’ ಅನ್ನಲು ಒಂದು ನಿಮಿಷ ಸಾಕು. ಆ ನಿಮಿಷಕ್ಕೆ ಬಿಲ್ ಹಾಕುವುದು ಹೇಗೆ? ‘ಧಾತು ಹೋಗುತ್ತದೆ’ ಎಂಬ ಈ ಭಯವನ್ನು ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಧಾತ್ ಸಿಂಡ್ರೋಮ್ ಎಂದು ಗುರುತಿಸಿದ್ದರು. ಅರವತ್ತು ವರ್ಷ ದಾಟಿದರೂ ಆ ಭಯಕ್ಕೆ ವಯಸ್ಸಾಗಿಲ್ಲ. ಲೇಹ್ಯದ ಡಬ್ಬಿ ಮಾತ್ರ ಕ್ಯಾಪ್ಸೂಲ್ ಆಗಿದೆ, ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರು ಆ್ಯಪ್ ಆಗಿದೆ.

ಗೋಪ್ಯತೆ ನೂರಕ್ಕೆ ನೂರು ಎಂಬ ಭರವಸೆ ಬೇರೆ! ಡಬ್ಬದ ಮೇಲೆ ಏನೂ ಬರೆದಿರುವುದಿಲ್ಲವಂತೆ. ಏನೂ ಬರೆಯದ ಡಬ್ಬದೊಳಗೆ ಏನಿರುತ್ತದೆ ಎಂದು ಪಾರ್ಸೆಲ್ ತರುವ ಹುಡುಗನಿಂದ ಹಿಡಿದು ಹೋಟೆಲ್ ಕಟ್ಟೆಯವರೆಗೆ ಎಲ್ಲರಿಗೂ ಗೊತ್ತು.

ಹೆಂಗಸರಂತೂ ಈ ಅಂಗಡಿಯ ಲೆಕ್ಕಕ್ಕೇ ಇಲ್ಲ. ಸಂಭಾಷಣೆ ಶುರುವಾಗುವುದೇ ‘ಹಾಯ್ ಸರ್’ ಎಂದು. ಗಂಡನಿಗೆ ಲೈಂಗಿಕ ಸೋಂಕಿದ್ದರೆ ಹೆಂಡತಿಯನ್ನೂ ಪರೀಕ್ಷಿಸಿ ಇಬ್ಬರಿಗೂ ಚಿಕಿತ್ಸೆ ಕೊಡಬೇಕು. ಇಲ್ಲಿ ಅವನಿಗೆ ಶಕ್ತಿಯ ಗುಳಿಗೆ, ಅವಳಿಗೆ ಅವನ ಸೋಂಕು.

ಕಾನೂನಿಗೇನೂ ಬರವಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ವೈದ್ಯರು ತಮ್ಮ ನೋಂದಣಿ ಸಂಖ್ಯೆ ತೋರಿಸಬೇಕು. ಕೃತಕ ಬುದ್ಧಿಮತ್ತೆ ತಾನಾಗಿ ಮದ್ದು ಬರೆಯುವಂತಿಲ್ಲ. ನಮ್ಮಲ್ಲಿ ಸಹಜ ಬುದ್ಧಿಯೂ ಇಲ್ಲದವರು ಬರೆಯುತ್ತಿದ್ದಾರೆ, ಅದಕ್ಕೆ ಮಾರ್ಗಸೂಚಿ ಇನ್ನೂ ಬಂದಿಲ್ಲ.

ಓದಿದವರು ಮೋಸ ಹೋಗುವುದಿಲ್ಲ ಅನ್ನಬೇಡಿ. ರಸ್ತೆ ಬದಿಯ ಟೆಂಟಿನ ಲೈಂಗಿಕ ಚಿಕಿತ್ಸೆ ನಂಬಿ 48 ಲಕ್ಷ ರೂಪಾಯಿ ಕಳೆದುಕೊಂಡೆ ಎಂದು 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಪೊಲೀಸರಿಗೆ ದೂರು ಕೊಟ್ಟವರು ಸಾಫ್ಟ್‌ವೇರ್ ಎಂಜಿನಿಯರ್.

ಫೋನಿನ ಮೇಲೆ ನನಗೆ ಸಿಟ್ಟಿಲ್ಲ. ನಾಚಿಕೆಯಿಂದ ಆಸ್ಪತ್ರೆಗೆಂದು ಜಗಳೂರಿನ ಬಸ್ಸನ್ನೇ ಹತ್ತದವನಿಗೆ ಒಳ್ಳೆಯ ವೈದ್ಯರು ಪರದೆಯ ಮೇಲಾದರೂ ಸಿಕ್ಕರೆ ಪುಣ್ಯ. ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವನಿಗೆ ಕಾಸು ಕೊಡಬೇಕಿಲ್ಲ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ, ಎಚ್‌ಐವಿ ಮತ್ತು ಲೈಂಗಿಕ ಸೋಂಕಿನ ಅನುಮಾನಕ್ಕೆ 1097 ಉಚಿತ ಸಹಾಯವಾಣಿ ಇದೆ. ಇಷ್ಟಾದರೂ ಆ್ಯಪಿಗೇ ದುಡ್ಡು ಕಟ್ಟುತ್ತೇನೆ ಎಂದರೆ, ಕಟ್ಟುವ ಮುಂಚೆ ಡಾಕ್ಟರ ನೋಂದಣಿ ಸಂಖ್ಯೆ ಕೇಳಿ. ಕೊಡದಿದ್ದರೆ ಫೋನ್ ಇಡಿ.