ಕಲ್ಲಿನ ನಾರು, ತಿಂಗಳ ಲೆಕ್ಕ

ತೆಂಗಿಗೆ ನಾರಿದೆ, ಬಾಳೆಪಟ್ಟೆಗೂ ಇದೆ. ಕಲ್ಲಿಗೂ ನಾರುಂಟೆಂದು ಕಂಡು ‘ಕಲ್ನಾರು’ ಎಂದು ಹೆಸರಿಟ್ಟ ಕನ್ನಡಿಗ ಯಾರೋ, ಅವನಿಗೊಂದು ನಮಸ್ಕಾರ. ಅಂಗಡಿಯವನಿಗೆ ಮಾತ್ರ ಆ ಹೆಸರು ಹಿಡಿಸಲಿಲ್ಲ. ಕಲ್ನಾರು ಬೆರೆಸಿದ ಚಾವಣಿಯ ಹಾಳೆಗೆ ‘ಸಿಮೆಂಟ್ ಶೀಟು’ ಎಂದ. ಹೆಸರಲ್ಲೇ ನಾರಿಲ್ಲದ ಮೇಲೆ ಶ್ವಾಸಕೋಶಕ್ಕೆ ಹೋಗುವುದಾದರೂ ಏನು? ಕೆನಡಾದಲ್ಲಿ ಕಲ್ನಾರಿನ ಇಂಗ್ಲಿಷ್ ಹೆಸರನ್ನೇ ಹೊತ್ತ ಆಸ್ಬೆಸ್ಟಾಸ್ ಎಂಬ ಊರೇ ಇತ್ತು; ಗಣಿ ಮುಚ್ಚಿ ವರ್ಷಗಳಾದ ಮೇಲೆ, 2020ರಲ್ಲಿ, ಜನ ಮತ ಹಾಕಿ ಹೆಸರು ಬದಲಿಸಿಕೊಂಡರು. ನಿಧಾನಸ್ಥರು. ನಾವು ಮಾರುವಾಗಲೇ ಬದಲಿಸಿದ್ದೇವೆ.

ಈ ನಾರಿನ ತಾಳ್ಮೆ ಮೆಚ್ಚಬೇಕು. ಉಸಿರಿನೊಡನೆ ಒಳಹೊಕ್ಕು ಮೂವತ್ತು ನಲವತ್ತು ವರ್ಷ ಸದ್ದಿಲ್ಲದೆ ಕೂರುತ್ತದೆ. ಆಮೇಲೆ ಒಂದು ದಿನ ಎದೆಯಲ್ಲಿ ನೀರು, ಶ್ವಾಸಕೋಶದ ಪೊರೆಯಲ್ಲಿ ಗಡ್ಡೆ. ಹೆಸರು ಮೀಸೋಥೀಲಿಯೋಮಾ. “ಯಜಮಾನ್ರೇ, ವಯಸ್ಸಲ್ಲಿ ಎಲ್ಲಿ ಕೆಲಸ ಮಾಡ್ತಿದ್ರಿ?” ಎನ್ನುತ್ತಾರೆ ಡಾಕ್ಟರು. ಯಜಮಾನರಿಗೆ ನೆನಪಿದೆ, ಕಂಟ್ರಾಕ್ಟರಿಗಿಲ್ಲ. ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು. ಗೆದ್ದಲಿಗೆ ತೀರ್ಪಿನ ಪ್ರತಿ ತಲುಪಿದಂತಿಲ್ಲ.

ಚಿಕಿತ್ಸೆಗೇನು ಕೊರತೆಯಿಲ್ಲ. ಸಿಸ್ಪ್ಲಾಟಿನ್ ಎಂಬ ಕಿಮೊ ಔಷಧ ಒಂದನ್ನೇ ಕೊಟ್ಟಾಗ ಅರ್ಧದಷ್ಟು ರೋಗಿಗಳು 9 ತಿಂಗಳು ದಾಟಿದ್ದರು. ಪೆಮೆಟ್ರೆಕ್ಸೆಡ್ ಜೊತೆಗೂಡಿದಾಗ 12. ಆಮೇಲೆ ನಿವೊಲುಮಾಬ್, ಇಪಿಲಿಮುಮಾಬ್ ಜೋಡಿ ಬಂತು: ಕಿಮೊದವರು 14 ದಾಟಿದಲ್ಲಿ ಇವರು 18. ನಾಲ್ಕು ತಿಂಗಳು! ನಗುವ ವಿಷಯವಲ್ಲ, ಮೊಮ್ಮಗಳ ಮದುವೆ ಅಷ್ಟರಲ್ಲೇ ಇರಬಹುದು. ಔಷಧದ ಬಿಲ್ಲು ನೋಡಿದ ಮೇಲೆ ಮದುವೆ ಉಳಿಯಬೇಕಷ್ಟೆ. ಎದೆ ಕೊಯ್ದು ಪೊರೆ ಕಿತ್ತರೆ ಹೇಗೆ? ಬ್ರಿಟನ್ನಿನಲ್ಲಿ ‘ಮಾರ್ಸ್ 2’ ಎಂಬ ಪ್ರಯೋಗ ನಡೆಸಿ ನೋಡಿದರು. ಕಿಮೊ ಜೊತೆ ಕೊಯ್ಸಿಕೊಂಡವರಿಗಿಂತ ಬರೀ ಕಿಮೊದವರೇ ವಾಸಿ. ಇನ್ನು ನೀರು ತುಂಬದಂತೆ ಎದೆಯೊಳಗೆ ಟಾಲ್ಕ್ ಪುಡಿ ಹಾಕಿ ಪೊರೆಗಳನ್ನು ಅಂಟಿಸುವುದುಂಟು. ಟಾಲ್ಕ್ ಎಂದರೆ ನಮ್ಮ ಬಳಪದ ಕಲ್ಲಿನ ಹಿಟ್ಟೇ. ಕಲ್ಲು ಮಾಡಿದ ಗಾಯಕ್ಕೆ ಕಲ್ಲೇ ಮದ್ದು.

ಸರ್ಕಾರವೂ ಕೈಕಟ್ಟಿ ಕೂತಿಲ್ಲ. ಹೊಸ ಕಲ್ನಾರು ಗಣಿಗೆ ಗುತ್ತಿಗೆ ಕೊಡುವುದನ್ನು 1986ರಲ್ಲೇ ನಿಲ್ಲಿಸಿತು. ನಮ್ಮ ನೆಲದ ನಾರು ಅಪಾಯ. ರಷ್ಯಾ, ಕಜಾಕಸ್ತಾನದಿಂದ ಹಡಗು ಹತ್ತಿ ಬಂದದ್ದು ಅತಿಥಿ. ‘ಕೊಳ್ಳುವವರಿಗೆ ಅಪಾಯ ತಿಳಿಸಿ ಮಾರಿ’ ಎನ್ನುವ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಇದನ್ನು ಸೇರಿಸುವ ಮಾತು 2006ರಿಂದ ಎದ್ದಾಗಲೆಲ್ಲ ಯಾರಾದರೂ ಅಡ್ಡಗೈ ಹಾಕುತ್ತಾರೆ. ಆ ಕೈಗಳಲ್ಲಿ ನಮ್ಮದೂ ಇದ್ದದ್ದುಂಟು.

ಮೊನ್ನೆ ಪಕ್ಕದ ಮನೆಯ ಕೊಟ್ಟಿಗೆಗೆ ಶೀಟು ಹೊದಿಸುತ್ತಿದ್ದರು. ಹುಡುಗನೊಬ್ಬ ಮಷೀನಿನಲ್ಲಿ ಕೊಯ್ಯುತ್ತಿದ್ದ. ರೆಪ್ಪೆ, ಮೀಸೆಯೆಲ್ಲ ಬಿಳಿ.

“ನೀರು ಹಾಕ್ಕೊಂಡು ಕೊಯ್ಯಪ್ಪ. ಈ ಧೂಳು ನಲವತ್ತು ವರ್ಷ ಆದ್ಮೇಲೂ ಕಾಡುತ್ತೆ” ಎಂದೆ.

ಅವನು ಮಷೀನು ನಿಲ್ಲಿಸಿ ನಕ್ಕ. “ಅಷ್ಟು ವರ್ಷ ಶೀಟೇ ಬಾಳಲ್ಲ ಬಿಡಿ ಸಾರ್.”